ಆನೆಯ ಬೆನ್ನ ಮೇಲಿನ ಬಳೆ

ಆದವಾನಿ
7 ನವೆಂಬರ್ 2025

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ. ಈ ಡಬ್ಬಿಯನ್ನು ಅಲ್ಲಾಡಿಸಬೇಡ, ಬೋರಲು ಹಾಕಬೇಡ, ಹಲ್ಲಿನಿಂದ ದಾರ ಕಡಿಯಬೇಡ. ಒಳಗೆ ಮೂರು ಆನೆಗಳಿವೆ. ಅಪ್ಪನ ಜಿನ್ನಿಂಗ್ ಮಿಲ್ಲಿನ ಒಳ್ಳೆಯ ಹತ್ತಿಯಲ್ಲಿ ಮಲಗಿಸಿ ಮುಂಬೈಗೆ ಕಳಿಸುತ್ತಿದ್ದೇನೆ. ಸೊಂಡಿಲು ಮುರಿದಿದ್ದರೆ ಅದು ನಿನ್ನ ನಸೀಬು.

ಮೊನ್ನೆ ಗೌರಿ ಹುಣ್ಣಿಮೆಗೆ ಕೋಸಗಿಯಿಂದ ನನಗೆ ಸಕ್ಕರೆ ಆರತಿ ಬಂತು! ನಿಶ್ಚಯವಾದ ಹುಡುಗಿಯರಿಗೆ ಗಂಡಿನ ಮನೆಯವರು ತರುವ ಆರತಿಯನ್ನು ಇಷ್ಟು ವರ್ಷ ಪಕ್ಕದ ಮನೆಗಳಲ್ಲಿ ನೋಡಿ ಬಾಯಿ ಚಪ್ಪರಿಸಿದ್ದೇ ಆಯಿತು. ಈ ಸಲ ನಮ್ಮ ಪಡಸಾಲೆಯಲ್ಲೇ ಹರಿವಾಣ ಇಳಿಯಿತು. ಸೀರೆ, ಹೂವು, ಕೊಬ್ಬರಿ, ಅದರ ನಡುವೆ ಅಚ್ಚಿನಲ್ಲಿ ಹೊಯ್ದ, ಬೆಳ್ಳಗೆ ಹೊಳೆಯುವ ಸಕ್ಕರೆಯ ಗೌರಿ, ನವಿಲು, ಆನೆ. ಓಣಿಯ ಹೆಂಗಸರೆಲ್ಲ ಬಂದು ನೋಡಿ ಹೋದರು. ಅವ್ವ ಒಂದು ಆನೆಯನ್ನು ದೇವರ ಗೂಡಿನಲ್ಲಿಟ್ಟು, ಉಳಿದದ್ದನ್ನು ಒಡೆದು ಹಂಚಿದಳು. ನಿನ್ನ ಪಾಲನ್ನು ನಾನು ಜಗಳವಾಡಿ ಉಳಿಸಿದೆ.

ಅವರ ಮನೆಯಲ್ಲಿ ಹೆಂಗಸರಿಲ್ಲ, ನಿನಗೆ ಗೊತ್ತಲ್ಲ. ತಾಯಿ ತೀರಿಕೊಂಡು ವರ್ಷಗಳಾದವು. ಇರುವವರು ಇಬ್ಬರೇ: ರೈಲ್ವೆಯಲ್ಲಿ ದುಡಿದು ರಿಟೈರಾದ ಉಚ್ಚೀರಪ್ಪನವರು, ಮತ್ತು ಕರೆಂಟಿನ ಲೈನ್‌ಮನ್ ಆಗಿರುವ ಇವರು. (ಇವರು ಎಂದರೆ ಕೊಟ್ರೇಶ. ಹೆಸರು ಬರೆದೆ, ಆಯಿತಾ? ಇನ್ನು ನಗಬೇಡ.) ಆ ಆನೆ, ನವಿಲುಗಳನ್ನೆಲ್ಲ ಅಪ್ಪ ಮಗ ಇಬ್ಬರೇ ಒಲೆ ಮುಂದೆ ಕೂತು ಪಾಕ ಹಿಡಿದು ಮಾಡಿದ್ದಾರೆ. ಇದನ್ನು ಕೇಳಿದ್ದೇ ತಡ, ನಮ್ಮಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ನ ಅಳಿಯ ಅಂದ್ರ ಏನಂತ ತಿಳಿದೀರಿ? ಕಂಬಾನೂ ಹತ್ತತಾನ, ಪಾಕಾನೂ ಹಿಡೀತಾನ!" ಎಂದು ಮಿಲ್ಲಿನಲ್ಲಿ ಹಮಾಲರಿಂದ ಹಿಡಿದು ಮಾಲೀಕನವರೆಗೆ ಸಾರಿ ಬಂದಿದ್ದಾನೆ. ನಮ್ಮಪ್ಪ ಮಾರೆಣ್ಣ ಮೇಸ್ತ್ರಿ ಒಬ್ಬರನ್ನು ಹೊಗಳುವುದೆಂದರೆ ಮಿಲ್ಲಿಗೇ ರಜೆ ಕೊಟ್ಟ ಹಾಗೆ.

ಮದುವೆ ಮಾಘದಲ್ಲಿ ಎಂದು ಮಾತಾಗಿದೆ. ರಜೆಗೆ ಈಗಲೇ ಬರೆದಿಡು.

ನೀನು ಇದನ್ನೆಲ್ಲ ಫೋನಿನಲ್ಲಿ ಕೇಳಬೇಡ. ಅವ್ವ ಸ್ಪೀಕರ್ ಹಾಕುತ್ತಾಳೆ. ನನ್ನ ವಾಟ್ಸಾಪನ್ನು ಮನೆಗೆ ಬಂದವರೆಲ್ಲ ಚಹಾ ಕುಡಿಯುತ್ತಾ ಓದುತ್ತಾರೆ. ಅಪ್ಪ ಕಲಿತದ್ದು ತೆಲುಗು, ನನ್ನ ಕನ್ನಡದ ಕೈಬರಹ ಅವನಿಗೆ ಇರುವೆ ಸಾಲು. ನಮಗೆ ಕಾಗದವೇ ಭದ್ರ.

ನಿನ್ನ,
ಮಲ್ಲೇಶ್ವರಿ


ಮುಂಬೈ
14 ನವೆಂಬರ್ 2025

ಮಲ್ಲೀ,

ಆನೆಗಳು ಮೂರೂ ಸೊಂಡಿಲು ಸಮೇತ ಬಂದು ತಲುಪಿದವು. ಡಬ್ಬಿ ಬಿಚ್ಚಿದಾಗ ಬಂದ ಹತ್ತಿಯ ವಾಸನೆಗೆ ನನಗೆ ನಮ್ಮ ಓಣಿಯೇ ಎದುರು ಬಂದು ನಿಂತಂತಾಗಿ ಒಂದು ಗಳಿಗೆ ಅಳು ಬಂತು. ಆಮೇಲೆ ನಾಚಿಕೆಯಾಗಿ ಅತ್ತಿತ್ತ ನೋಡಿದೆ.

ಅವ್ವ ಊರವರಿಗೆಲ್ಲ "ನಮ್ಮ ಶಿರೀಷಾ ಮ್ಯೂಸಿಯಮ್ಮಿನಾಗ ಚಿಲ್ಲರೆ ಎಣಿಸ್ತಾಳ" ಎಂದು ಹೇಳುತ್ತಾಳಂತೆ. ನೀನಾದರೂ ಸರಿಯಾಗಿ ತಿಳಿದುಕೋ. ಹಳೆಯ ಗ್ರೀಕರು ಬೆಳ್ಳಿ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದು ನಾಣ್ಯ ಮಾಡುತ್ತಿದ್ದರು. ಅಚ್ಚು ಕೈಯಲ್ಲಿ ಕೆತ್ತಿದ್ದು, ಒಂದರಂತೆ ಇನ್ನೊಂದು ಇರುವುದಿಲ್ಲ. ಎರಡು ನಾಣ್ಯಗಳಲ್ಲಿ ಗೂಳಿಯ ಕೊಂಬಿನ ಹತ್ತಿರ ಅದೇ ಸೀಳು ಕಂಡಿತೋ, ಎರಡೂ ಒಂದೇ ಅಚ್ಚಿನ ಮಕ್ಕಳು. ಇನ್ನು ಕ್ರೀಟ್ ದ್ವೀಪದಲ್ಲಿ ಗೋರ್ಟಿನ್ ಎಂಬ ಊರಿತ್ತು. ಅಲ್ಲಿಯವರು ಆಫ್ರಿಕಾ ದಂಡೆಯ ಸೈರೀನ್ ಊರಿನ ನಾಣ್ಯ ಕೈಗೆ ಬಂದಾಗ ಅದನ್ನೇ ಇಟ್ಟು ಮೇಲೆ ತಮ್ಮ ಗೂಳಿಯನ್ನು ಹೊಡೆದರು. ಪೆಟ್ಟು ಸರಿಯಾಗಿ ಬೀಳದ ಕಡೆ ಗೂಳಿಯ ಹೊಟ್ಟೆಯೊಳಗಿಂದ ಸೈರೀನಿನ ಹಳೆಯ ನಾಣ್ಯದ ಮೇಲಿದ್ದ ಗಿಡದ ಎಲೆ ಇಣುಕುತ್ತದೆ! ಯಾವುದು ಮೊದಲು ಬಿತ್ತು, ಯಾವುದು ಆಮೇಲೆ, ಯಾರ ಮೇಲೆ ಯಾರು, ಇದನ್ನು ಕಂಡುಹಿಡಿಯುವುದೇ ನನ್ನ ಸಂಬಳದ ಕೆಲಸ.

ಇಂಥವಳ ಕೈಗೆ ನೀನು ಆನೆ ಕೊಟ್ಟೆ. ತಿನ್ನುವ ಮೊದಲು ಸುಮ್ಮನೆ, ತಮಾಷೆಗೆಂದು, ಭೂತಗನ್ನಡಿ ಹಿಡಿದೆ.

ಮೂರೂ ಆನೆಯ ಕಿವಿಯಲ್ಲಿ ಒಂದೇ ಗಾಯ. ಅಂದರೆ ಒಂದೇ ಅಚ್ಚು, ಸರಿ. ಬೆನ್ನ ಮೇಲೆ ಮಾತ್ರ ಸಣ್ಣ ಸಣ್ಣ ಕುಳಿಗಳ ಒಂದು ಸಾಲು ಇದೆ, ಬಾಗಿದ ಸಾಲು. ಅದು ಅಚ್ಚಿನಲ್ಲೇ ಇದ್ದಿದ್ದರೆ ಮೂರರಲ್ಲೂ ಒಂದೇ ಜಾಗದಲ್ಲಿ ಇರಬೇಕಿತ್ತು. ಇಲ್ಲಿ ಒಂದರಲ್ಲಿ ಕುತ್ತಿಗೆಯ ಹತ್ತಿರ, ಒಂದರಲ್ಲಿ ಬಾಲದ ಹತ್ತಿರ, ಇನ್ನೊಂದರಲ್ಲಿ ಅಡ್ಡಡ್ಡ. ಆನೆ ಅಚ್ಚಿನಿಂದ ಹೊರಗೆ ಬಂದು ಇನ್ನೂ ಮೆತ್ತಗಿದ್ದಾಗ ಮೇಲಿನಿಂದ ಒತ್ತಿದ ಗುರುತು ಅದು. ಬಳೆಯ ಗುರುತು, ಮಲ್ಲಿ.

ನಿನ್ನ ಲೈನ್‌ಮನ್ ಬಳೆ ತೊಟ್ಟು ಕಂಬ ಹತ್ತುತ್ತಾರೇನು? ಇಲ್ಲವಾದರೆ ಹೆಂಗಸರೇ ಇಲ್ಲದ ಮನೆಯಲ್ಲಿ ಪಾಕ ಹೊಯ್ದವಳು ಯಾರು?

ತಮಾಷೆ ಮಾಡುತ್ತಿಲ್ಲ. ಉತ್ತರ ಬರೆ.

ಅಕ್ಕ


ಆದವಾನಿ
19 ನವೆಂಬರ್ 2025

ಅಕ್ಕಾ,

ತಿನ್ನು ಎಂದು ಕಳಿಸಿದರೆ ಪಂಚನಾಮೆ ಮಾಡುತ್ತೀಯಲ್ಲ! ನಿನಗೆ ಯಾರಾದರೂ ಹೋಳಿಗೆ ಬಡಿಸಿದರೆ ಲಟ್ಟಣಿಗೆ ಯಾರ ಮನೆಯದೆಂದು ಕೇಳುವವಳು ನೀನು.

ಅದು ಪಕ್ಕದ ಮನೆಯ ಅಜ್ಜಿಯ ಬಳೆ ಇರಬೇಕು, ಪಾಪ, ಕೈಗೂಡಿಸಲು ಬಂದಿರುತ್ತಾಳೆ. ಇಲ್ಲವೆಂದರೆ ಅಚ್ಚು ಕಟ್ಟುವ ಹುರಿಯ ಗುರುತು. ಅದೂ ಅಲ್ಲವೆಂದರೆ ನಮ್ಮ ಹರಿವಾಣದ ಅಂಚಿನ ಗುರುತು. ಯಾವುದು ಬೇಕೋ ಆರಿಸಿಕೋ.

ಅವರು ಒಳ್ಳೆಯವರು. ನನಗೆ ಅಷ್ಟು ಗೊತ್ತು, ಅಷ್ಟೇ ಸಾಕು. ಆನೆಗಳನ್ನು ತಿಂದು ನೀರು ಕುಡಿ.

ಶಾಲೆಯಲ್ಲಿ ಪರೀಕ್ಷೆ ಪೇಪರು ತಿದ್ದುವುದಿದೆ, ಉದ್ದ ಬರೆಯಲು ಪುರುಸೊತ್ತಿಲ್ಲ.

ಮಲ್ಲಿ


ಮುಂಬೈ
24 ನವೆಂಬರ್ 2025

ಮಲ್ಲೀ,

ಒಂದು ಪ್ರಶ್ನೆಗೆ ಮೂರು ಉತ್ತರ ಕೊಡುವವರು ನಿಜವಾದ ಉತ್ತರ ಬಚ್ಚಿಟ್ಟಿರುತ್ತಾರೆ. ನಿನ್ನ ಮೇಷ್ಟ್ರಗಿರಿಯಲ್ಲಿ ಇದು ನಿನಗೇ ಗೊತ್ತಿರಬೇಕು.

ಮೂರನ್ನೂ ನೋಡಿದೆ. ಮೇಣ ಕರಗಿಸಿ ಹುರಿ ಒತ್ತಿದೆ, ಹುರಿಯ ಗುರುತು ಓರೆ ಓರೆ ಗೆರೆ, ಹೀಗಿಲ್ಲ. ನಮ್ಮ ಹರಿವಾಣದ ಅಂಚು ನನಗೆ ಗೊತ್ತು, ಅದು ನುಣುಪು. ಅಜ್ಜಿಯ ಮಾತಂತೂ ಬಿಡು. ಇದು ಗಾಜಿನ ಬಳೆಯಲ್ಲ, ಗುಂಡು ಪೋಣಿಸಿದ ಹಾಗೆ ಮಾಡಿದ ಲೋಹದ ಬಳೆ, ಹೊಸ ಫ್ಯಾಶನ್ನಿನದು, ಸಣ್ಣ ಕೈಯದು. ಇನ್ನೂ ಕೇಳು: ಸಾಲಿನ ನಡುವೆ ಒಂದು ಗುಂಡು ಉದುರಿ ಖಾಲಿಯಿದೆ, ಮೂರು ಆನೆಗೂ ಅದೇ ಖಾಲಿ. ಮೂರನ್ನೂ ಅಚ್ಚಿನಿಂದ ಬಿಡಿಸಿದವಳು ಒಬ್ಬಳೇ. ಹರೆಯದವಳು. ಆ ಮನೆಯಲ್ಲಿ ಒಬ್ಬಳು ಹುಡುಗಿ ಓಡಾಡುತ್ತಾಳೆ, ಮತ್ತು ಅಪ್ಪ ಮಗ ಇಬ್ಬರೂ ಅದನ್ನು ಮುಚ್ಚಿಟ್ಟು ತಾವೇ ಮಾಡಿದೆವು ಎಂದು ನಿಮ್ಮ ಬಾಯಿಗೆ ಸಕ್ಕರೆ ಇಟ್ಟಿದ್ದಾರೆ.

ನಿನಗೆ ನೋವಾಗುತ್ತದೆ, ಗೊತ್ತು. ನನಗೂ ಆಗುತ್ತಿದೆ. ಇರುವವಳು ಒಬ್ಬಳು ತಂಗಿ, ಅವಳನ್ನು ಕಣ್ಣು ಮುಚ್ಚಿ ಕಳಿಸಲು ನನ್ನಿಂದಾಗದು. ಅದಕ್ಕೇ ನಿನ್ನೆ ನಾಗೇಶ ಮಾಮನಿಗೆ ಫೋನ್ ಮಾಡಿದೆ. ದಿನಾ ಕೋಸಗಿ ಕಡೆ ಆಟೋ ಓಡಿಸುವವನು ಅವನೇ ತಾನೆ? ಬಳೆಯ ಗುರುತು ಹೇಳಿ, ಅಂಥದ್ದು ಯಾರ ಕೈಯಲ್ಲಿದೆ ಎಂದು ಸದ್ದಿಲ್ಲದೆ ವಿಚಾರಿಸು ಎಂದಿದ್ದೇನೆ. ಅಪ್ಪನಿಗೆ ಏನೂ ಹೇಳಬೇಡ ಎಂದೂ ಹೇಳಿದ್ದೇನೆ.

ಸಿಟ್ಟಾಗಬೇಡ. ನಿನ್ನ ಒಳ್ಳೆಯದಕ್ಕೇ.

ಅಕ್ಕ


ಆದವಾನಿ
28 ನವೆಂಬರ್ 2025

ಶಿರೀಷಮ್ಮನವರಿಗೆ,

ನಿಮ್ಮ ಕಾಗದ ಈವತ್ತು ಬಂತು. ನಿಮ್ಮ ಮಾಮ ಅದಕ್ಕಿಂತ ಮೊದಲೇ ಕೋಸಗಿ ತಲುಪಿದ್ದರು.

ನಾಗೇಶ ಮಾಮನಿಗೆ "ಸದ್ದಿಲ್ಲದೆ" ಎಂದೆಯಾ ಅಕ್ಕಾ? ನಮ್ಮ ಮಾಮನಿಗೆ? ಮೂಗಿನೊಳಗೆ ಮಾತಾಡಿದರೂ ಎರಡು ಓಣಿಗೆ ಕೇಳಿಸುವವನಿಗೆ? ಸ್ಟೇಶನ್ ರಸ್ತೆಯ ಬಳೆ ಅಂಗಡಿ ಮುಂದೆ ಆಟೋ ನಿಲ್ಲಿಸಿ, "ಗುಂಡಿನ ಸಾಲಿನ ಬಳಿ, ಒಂದು ಗುಂಡು ಉದುರಿದ್ದು, ಯಾವಾಕಿ ಕೈಯಾಗ ಐತಿ?" ಎಂದು ಕೇಳಿದ್ದಾನೆ. ಅಂಗಡಿಯವಳು "ಏಮಣ್ಣಾ, ಪೋಯಿಂದಾ?" ಎಂದು, ಕಳೆದುಹೋಯಿತೇನೋ ಅಂದುಕೊಂಡು, ಕೇಳಿದಳಂತೆ. ಇವನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಸಂಜೆಯ ಹೊತ್ತಿಗೆ ಉಚ್ಚೀರಪ್ಪನವರ ಮನೆ ಹತ್ತಿರ ಯಾರದೋ ಬಂಗಾರದ ಬಳೆ ಕಳೆದಿದೆ, ಸಿಕ್ಕವರಿಗೆ ಇನಾಮು ಕೊಡುತ್ತಾರೆ ಎಂದು ಸುದ್ದಿಯಾಗಿ, ಹೆಂಗಸರೆಲ್ಲ ಮನೆಯಲ್ಲಿದ್ದ ಬಳೆ ಹಿಡಿದು ಅವರ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಾರೆ. ಪಾಪ ಉಚ್ಚೀರಪ್ಪನವರು ಕೈ ಮುಗಿದು "ನಮ್ಮನಿಯಾಗ ಬಳಿ ತೊಡೋರು ಯಾರೂ ಇಲ್ರವ್ವಾ, ಮನೀಗೆ ಹೋಗ್ರಿ" ಅಂದರೆ, ಮಾಮನಿಗೆ ಅದೇ ಅನುಮಾನ! "ಮುಖಾ ನೋಡಬೇಕಿತ್ತು, ಬೆವತಿದ್ದ" ಎಂದು ನೇರ ನಮ್ಮ ಮನೆಗೆ ಬಂದು ಅಪ್ಪನಿಗೆ ಒದರಿದ.

ಅಪ್ಪ ಕೆಂಡವಾಗಿದ್ದಾನೆ. "ವದ್ದು! ಬ್ಯಾಡ, ಈ ಸಂಬಂಧ ವದ್ದಂಟೆ ವದ್ದು. ಮನ್ಯಾಗ ಒಬ್ಬಾಕಿನ್ನ ಇಟ್ಟುಕೊಂಡು ನನ್ನ ಮಗಳನ್ನ ಕೇಳ್ಯಾರೇನು?" ಅನ್ನುತ್ತಾ ಪಡಸಾಲೆಯಲ್ಲಿ ತಿರುಗುತ್ತಾನೆ. ಭಾನುವಾರ ಅವರಿಬ್ಬರನ್ನೂ ಕರೆಸಿದ್ದಾನೆ. ಎದುರಿಗೇ ಮಾತು ಮುರಿದುಬಿಡುವುದಂತೆ.

ಆ ಬಳೆ ನನ್ನದು, ಅಕ್ಕಾ.

ಇವರ ಜೊತೆ ಮಂತ್ರಾಲಯಕ್ಕೆ ಹೋಗಿದ್ದಾಗ ಅಲ್ಲಿಯ ಅಂಗಡಿಯಲ್ಲಿ ಕೊಂಡದ್ದು. ಶಾಲೆ ಬಿಟ್ಟ ಮೇಲೆ ಹೋಗಿದ್ದೆವು. ರಾಯರ ದರ್ಶನವನ್ನೂ ಮಾಡಿದೆವು, ಅದೂ ನಿಜ. ಅದಕ್ಕೇ ನಿನಗೆ ಬರೆಯಲು ಬಾಯಿ ಬರಲಿಲ್ಲ.

ಹುಣ್ಣಿಮೆಗೆ ಮುಂಚೆ ಉಚ್ಚೀರಪ್ಪನವರು ಕೋಸಗಿಯ ನಮ್ಮ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದರು. ದಿನಾ ಕೋಸಗಿ ಸ್ಟೇಶನ್ನಿನಲ್ಲಿ ಇಳಿದು ನಾನು ಹೋಗುವ ದಾರಿಯಲ್ಲೇ ಅವರ ಮನೆ. "ಅವ್ವಾ, ಆರತಿ ಬಜಾರದಾಗ ತಂದ್ರ ನಿಮ್ಮಪ್ಪ ಏನಾರ ಅಂತಾನೇನು? ನಮ್ಮಾಕಿ ಇದ್ದಾಗ ಮನ್ಯಾಗ ಮಾಡ್ತಿದ್ಲು. ಅಚ್ಚು ಅಟ್ಟದ ಮ್ಯಾಲ ಅದಾವ. ಇಳಿಸಾಕ ನಮಗ ಕೈ ಬರವಲ್ದು" ಅಂದರು. ಆ ಮಾತು ಕೇಳಿ ಅವರ ಮನೆಗೇ ಹೋದೆ. ಚೀಲ ಬಿಚ್ಚಿ, ಅಚ್ಚು ತೊಳೆದು, ನೀರಲ್ಲಿ ನೆನೆಹಾಕಿ, ಸಂಜೆ ಪಾಕ ಹಿಡಿದೆ. ಇವರು ಹುರಿ ಬಿಗಿದು ಕೊಟ್ಟರು. ನನಗೆ ಅವಸರ, ಸಂಜೆಯ ರೈಲು ತಪ್ಪುತ್ತದೆಂದು ಬಿಸಿ ಇರುವಾಗಲೇ ಅಚ್ಚು ಬಿಡಿಸಿದೆ. ಆಗಲೇ ಬಳೆ ಒತ್ತಿರಬೇಕು. ಮೊದಲ ಆನೆ ಹೊರಗೆ ಬಂದಾಗ ಆ ಮುದುಕರು ಅದನ್ನು ಅಂಗೈಯಲ್ಲಿಟ್ಟುಕೊಂಡು "ಬಂದೇನವ್ವಾ" ಅಂದರು. ಯಾರಿಗೆ ಅಂದರೋ. ನಾವು ಮೂವರೂ ಅತ್ತೆವು, ಆಮೇಲೆ ಮೂವರೂ ನಕ್ಕೆವು.

ಇದನ್ನು ಮನೆಯಲ್ಲಿ ಹೇಗೆ ಹೇಳಲಿ? ಮದುವೆಗೆ ಮೊದಲೇ ಹೋಗಿ ಅವರ ಒಲೆ ಹಚ್ಚಿ ಬಂದೆ, ನನ್ನ ಆರತಿ ನಾನೇ ಮಾಡಿಕೊಂಡೆ ಎನ್ನಲೇ? ಅದಕ್ಕೇ ಗಂಡಸರು ಮಾಡಿದರೆಂದೆ. ಭಾನುವಾರ ಬಾಯಿ ಬಿಡದಿದ್ದರೆ ಅವರು ಕೆಟ್ಟವರಾಗುತ್ತಾರೆ. ಬಿಟ್ಟರೆ ನಾನು. ಎರಡರಲ್ಲೂ ಮದುವೆ ಉಳಿಯುವಂತೆ ಕಾಣುವುದಿಲ್ಲ. ನನಗೆ ಅವರು ಬೇಕು ಅಕ್ಕಾ.

ಮಲ್ಲಿ


ಮುಂಬೈ
2 ಡಿಸೆಂಬರ್ 2025

ಮಲ್ಲಮ್ಮಾ,

ನಿನ್ನ ಕಾಗದ ಈಗ ಬಂತು. ಭಾನುವಾರ ಆಗಿಹೋಗಿದೆ. ಏನಾಯಿತೋ ಎಂದು ಕೂಡಲೇ ಫೋನ್ ಮಾಡಿದೆ. ಅವ್ವ ಸ್ಪೀಕರ್ ಹಾಕಿದಳು. ಹಿಂದೆ ನಾಗೇಶ ಮಾಮ ಕೆಮ್ಮುತ್ತಿದ್ದ. ಅಪ್ಪ "ಹೂಂ, ಉಂಡೀಯೇನು?" ಎಂದು ಕೇಳಿ ಎದ್ದು ಹೋದ. ನಾನು ಇಲ್ಲಿಯ ಸೆಕೆಯ ಬಗ್ಗೆ ಮಾತಾಡಿ ಫೋನ್ ಇಟ್ಟೆ.

ನಾನು ಎಂಥ ಕತ್ತೆ! ಬಳೆಯನ್ನು ಸರಿಯಾಗಿ ಓದಿದೆ, ಸಣ್ಣ ಕೈ ಎಂದೂ ಓದಿದೆ, ಆ ಕೈಯನ್ನು ಹುಟ್ಟಿದಾಗಿನಿಂದ ಹಿಡಿದು ಆಡಿಸಿದವಳು ನಾನೇ ಎಂಬುದು ಮಾತ್ರ ಹೊಳೆಯಲಿಲ್ಲ. ಆನೆಯ ಮೇಲೆ ಬಳೆ ಬಿದ್ದದ್ದು ಖರೆ. ಅದರ ಮೇಲೆ ಇಲ್ಲದ ಹುಡುಗಿಯೊಬ್ಬಳನ್ನು ತಂದು ಕೂರಿಸಿದವಳು ನಾನು.

ಉಚ್ಚೀರಪ್ಪನವರ ಕಟ್ಟೆಯ ಮೇಲೆ ಹೆಂಗಸರು ಬಳೆ ಹಿಡಿದು ಕೂತದ್ದನ್ನು ನೆನೆದು ಒಂದು ಸಲ ನಕ್ಕೆ, ಕ್ಷಮಿಸು. ಆಮೇಲೆ ಅವರು ಕೈ ಮುಗಿದದ್ದು ನೆನಪಾಗಿ ಊಟ ಸೇರಲಿಲ್ಲ.

ಅಪ್ಪನ ಎದುರು ತಪ್ಪನ್ನೆಲ್ಲ ನನ್ನ ಮೇಲೆ ಹಾಕು. ಏನಾಯಿತೆಂದು ಬೇಗ ಬರೆ.

ಅಕ್ಕ


ಆದವಾನಿ
6 ಡಿಸೆಂಬರ್ 2025

ಅಕ್ಕಾ,

ಕೂತುಕೊಂಡು ಓದು.

ಭಾನುವಾರ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಬಂದರು. ಉಚ್ಚೀರಪ್ಪನವರು ಇಸ್ತ್ರಿ ಹಾಕಿದ ಧೋತ್ರ ಉಟ್ಟಿದ್ದರು. ನಮ್ಮಪ್ಪ ಕೂರಲೂ ಹೇಳದೆ "ಆ ಬಳೀ ಯಾರದು ಹೇಳ್ರಿ" ಅಂದ. ಇವರು ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, "ಅದನ್ನೊಂದು ಕೇಳಬ್ಯಾಡ್ರಿ. ತಪ್ಪಾಗೇತಿ. ಏನು ಶಿಕ್ಷಾ ಕೊಡ್ತೀರಿ ಕೊಡ್ರಿ" ಅಂದುಬಿಟ್ಟರು! ನನ್ನ ಹೆಸರು ಬರಬಾರದೆಂದು ಮದುವೆಯನ್ನೇ ಬಿಡಲು ತಯಾರಾಗಿದ್ದ ಮನುಷ್ಯ. ನಾಗೇಶ ಮಾಮ "ನೋಡಿದ್ರಾ? ನೋಡಿದ್ರಾ?" ಎಂದು ತೊಡೆ ತಟ್ಟಿದ.

ಆಮೇಲೆ ನನ್ನ ಕಾಲು ತಾವಾಗಿ ನಡೆದವು. ದೇವರ ಗೂಡಿನಿಂದ ಆನೆ ತಂದೆ, ಪೆಟ್ಟಿಗೆಯಿಂದ ಬಳೆ ತಂದೆ, ಎಲ್ಲರ ನಡುವೆ ಚಾಪೆಯ ಮೇಲೆ ಕೂತು ಆನೆಯ ಬೆನ್ನಿಗೆ ಬಳೆ ಇಟ್ಟೆ. ಗುಂಡು ಕುಳಿಯಲ್ಲಿ ಕೂತವು. ಖಾಲಿಯ ಜಾಗಕ್ಕೆ ಖಾಲಿ. ನಿನ್ನ ವಿದ್ಯೆ ದೊಡ್ಡದು ಅಕ್ಕಾ. ಮಾಮ "ಅಯ್ಯ ಶಿವನ, ಕಳ್ಳಿ ಮನ್ಯಾಗ ಅದಾಳ" ಅಂದ. ನಡೆದದ್ದನ್ನೆಲ್ಲ ಹೇಳಿದೆ. ಮಂತ್ರಾಲಯವನ್ನೂ ಹೇಳಿದೆ. ಅವ್ವ ಸೆರಗು ಬಾಯಿಗೆ ಹಿಡಿದು ಅಟ್ಟದ ಮೇಲಿನ ಅಚ್ಚಿನ ಮಾತು ಬಂದಾಗ ಅತ್ತಳು, ಮಂತ್ರಾಲಯದ ಮಾತು ಬಂದಾಗ ನನ್ನ ತೊಡೆ ಚಿವುಟಿದಳು.

ಅಪ್ಪ ನನ್ನ ಕಡೆ ತಿರುಗಿದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದ್ದೆ. ಅವನ ಸಿಟ್ಟು ಎಲ್ಲಿಗೆ ಹೋಗಿ ತಾಗಿತ್ತು ಗೊತ್ತೇನು? "ಗಂಡಸರು ಮಾಡ್ಯಾರಂತ ನನ್ನ ಬಾಯಿಲೆ ಊರೆಲ್ಲ ಹೊಗಳಿಸಿದ್ಯಲ್ಲ! ಮಿಲ್ಲಿನಾಗ ಒಬ್ಬರನ್ನೂ ಬಿಟ್ಟಿಲ್ಲ. ಈಗ ನಾ ಹೇಳಿದ್ದು ಸುಳ್ಳಾತೇನು? ಮಾರೆಣ್ಣ ಮೇಸ್ತ್ರಿ ಸುಳ್ಳ ಆದನೇನು?"

ಆಮೇಲೆ ಎದ್ದು ನಿಂತು ಫರ್ಮಾನು ಹೊರಡಿಸಿದ. "ಗುರುವಾರ ಹೊಸ್ತಿಲ ಹುಣ್ಣಿವಿ ಐತಿ. ಅಷ್ಟರಾಗ ಆರತಿ ಮತ್ತ ಬರಬೇಕು. ಅಪ್ಪ ಮಗ ಇಬ್ಬರs ಮಾಡಬೇಕು. ಹೆಣ್ಣಿನ ಕೈ ಸೋಕಬಾರದು. ನಾನs ಬಂದು ಕುಂತು ನೋಡ್ತೀನಿ. ಆತೋ, ಮಾಘದಾಗ ಮದಿವಿ. ಆಗಲಿಲ್ಲೋ, ವದ್ದು!"

ಉಚ್ಚೀರಪ್ಪನವರು "ಬೀಗರ, ನಮಗ ಚಹಾ ಕಾಸಾಕನೂ ನೆಟ್ಟಗ ಬರಂಗಿಲ್ಲ" ಎಂದು ಗೋಗರೆದರು. ಇವರು ಮಾತ್ರ "ಮಾಡ್ತೀವ್ರಿ ಮಾವ" ಅಂದರು. ಯಾವ ಧೈರ್ಯವೋ! ನಾನು ಆ ನಾಲ್ಕು ದಿನ ಅನ್ನ ಎಂದು ತಿಂದದ್ದು ಮಣ್ಣೋ ಅನ್ನವೋ ತಿಳಿಯದು.

ಬುಧವಾರ ಮಿಲ್ಲು ಬಿಟ್ಟ ಮೇಲೆ ಅಪ್ಪ ಕೋಸಗಿಗೆ ಹೋದ. ನನ್ನನ್ನು ಮನೆ ಬಿಟ್ಟು ಕದಲಬೇಡ ಎಂದು ಅವ್ವನನ್ನು ಕಾವಲಿಟ್ಟು ಹೋದ. ಎಷ್ಟೋ ಹೊತ್ತಾದ ಮೇಲೆ ಬಂದವನು ಅವ್ವನಿಗೆ "ಏ ಹುಸೇನಮ್ಮ, ಮಾಡಿದ್ರವ್ವ. ನಡೀತದ" ಎಂದಷ್ಟೇ ಹೇಳಿದ. ಅದೇನು ಕಲಿತು ಬಂದನೋ, ಊಟಕ್ಕೆ ಕೂತು ಚಮಚ ಕೇಳಿದ! ಹುಟ್ಟಿದಾಗಿನಿಂದ ಚಮಚದಲ್ಲಿ ಉಣ್ಣದವನು. ಕೋಸಗಿಯವರ ನಾಜೂಕು ಅಂಟಿದೆ ಎಂದು ನಾನೂ ಅವ್ವನೂ ಒಳಗೊಳಗೇ ನಕ್ಕೆವು.

ಮರುದಿನ ಆರತಿ ಬಂತು. ಅಕ್ಕಾ, ಆನೆಗಳನ್ನು ನೋಡಬೇಕಿತ್ತು! ಒಂದಕ್ಕೆ ಸೊಂಡಿಲೇ ಇಲ್ಲ. ಒಂದು ಕೂತಿದೆಯೋ ಬಿದ್ದಿದೆಯೋ ತಿಳಿಯದು. ನವಿಲಂತೂ ಕೋಳಿಯಾಗಿತ್ತು. ಓಣಿಯ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರೆ, ಅಪ್ಪ "ಗಂಡಸರು ಮಾಡಿದ್ದು ಹಂಗs ಇರತೈತಿ!" ಎಂದು ಎದೆ ಸೆಟೆಸಿ ನಿಂತಿದ್ದ. ಅದರಲ್ಲಿ ಆರತಿ ಬೆಳಗಿದೆ. ಇಷ್ಟು ಚೆಂದದ ಆರತಿಯನ್ನು ನಾನು ನೋಡಿಲ್ಲ.

ಇವರನ್ನು ಹೇಗೆ ಮಾಡಿದಿರಿ ಎಂದು ಕೇಳಿದರೆ, "ಮಾವ ಕುರ್ಚಿ ಮ್ಯಾಲ ಕುಂತಿದ್ರು, ನಾವು ಮಾಡಿದ್ವಿ" ಎಂಬ ಒಂದೇ ಮಾತು, ಪಾಠ ಒಪ್ಪಿಸಿದ ಹಾಗೆ.

ಇದ್ದುದರಲ್ಲಿ ಗಟ್ಟಿ ಆನೆಯನ್ನು ನಿನಗೆ ಕಳಿಸಿದ್ದೇನೆ. ಮಾಘದ ಮೊದಲ ವಾರವೇ ಬಾ. ಮಾಮ ಸ್ಟೇಶನ್ನಿಗೆ ಆಟೋ ತರುತ್ತಾನಂತೆ, ಸದ್ದಿಲ್ಲದೆ.

ನಿನ್ನ,
ಮಲ್ಲಿ


ಮುಂಬೈ
13 ಡಿಸೆಂಬರ್ 2025

ನನ್ನ ಮುದ್ದು ಮಲ್ಲೀ,

ನಿನ್ನ ಕಾಗದ ಓದಿ ಕೂತಲ್ಲೇ ಕುಣಿದೆ. ಪಕ್ಕದ ಟೇಬಲ್ಲಿನವರು ಏನೋ ಅಪರೂಪದ ನಾಣ್ಯ ಸಿಕ್ಕಿತೆಂದು ಓಡಿ ಬಂದರು. ರಜೆ ಮಂಜೂರಾಗಿದೆ. ಸೆಮಿನಾರಿನ ಲೇಖನವೂ ಮುಗಿಯಿತು. ಒಂದು ನಾಣ್ಯದಲ್ಲಿ ಗೂಳಿಯ ಹತ್ತಿರದ ಗೆರೆಯೊಂದಕ್ಕೆ ನಾನು ದೊಡ್ಡ ಕಥೆ ಕಟ್ಟಿದ್ದೆ. ಅದನ್ನು ಹೊಡೆದುಹಾಕಿ "ಇದು ಏನೆಂದು ತಿಳಿದಿಲ್ಲ" ಎಂದು ಬರೆದೆ. ನನ್ನ ಗೈಡ್ ಮೇಡಂ ಇಡೀ ಲೇಖನದಲ್ಲಿ ಅದೇ ಒಳ್ಳೆಯ ವಾಕ್ಯ ಅಂದರು.

ಇನ್ನು ಆನೆ. ನೀನು ಆನೆ ಎಂದು ಬರೆಯದಿದ್ದರೆ ನಾನು ಹಂದಿ ಎನ್ನುತ್ತಿದ್ದೆ. ನೋಡಬಾರದು, ನೋಡಬಾರದು ಎಂದುಕೊಂಡೇ ಭೂತಗನ್ನಡಿ ತೆಗೆದೆ. ಕೈ ಕೇಳಬೇಕಲ್ಲ!

ಬೆನ್ನ ಮೇಲೆ ಏನೂ ಇಲ್ಲ. ಹೆಣ್ಣಿನ ಕೈ ಸೋಕಿಲ್ಲ, ನಿಶ್ಚಿಂತೆಯಿಂದಿರು. ತಿರುಗಿಸಿ ಹೊಟ್ಟೆ ನೋಡಿದೆ. ಅಚ್ಚಿನ ತುಂಡು ಸರಿಯಾಗಿ ಕೂರದೆ ಪಾಕ ಹರಿದುಹೋಗುತ್ತಿದ್ದಾಗ ಯಾರೋ ಹೆಬ್ಬೆರಳು ಒತ್ತಿ ತಡೆದಿದ್ದಾರೆ. ಕುದಿಯುವ ಪಾಕ, ಬರಿಗೈ. ಗಟ್ಟಿಯಾಗುವವರೆಗೆ ತೆಗೆದಿಲ್ಲ, ಅದಕ್ಕೇ ಗುರುತು ಅಷ್ಟು ಸ್ಪಷ್ಟ. ಅಗಲವಾದ ಬೆರಳು. ನಡುವೆ ಮೇಲಿನಿಂದ ಕೆಳಕ್ಕೆ ಒಂದು ಸೀಳು, ಹೊಲಿಗೆ ಹಾಕಿದ ಹಾಗೆ.

ಈ ಸಲ ನಾನು ಅವಸರ ಮಾಡಲಿಲ್ಲ. ಎರಡು ದಿನ ಇಟ್ಟುಕೊಂಡು ನೋಡಿದೆ. ಆದರೆ ಆ ಬೆರಳು ನಿನಗೂ ಗೊತ್ತು, ನನಗೂ ಗೊತ್ತು. ಮಿಲ್ಲಿನಲ್ಲಿ ಹತ್ತಿಯ ಮೂಟೆಗೆ ಕಬ್ಬಿಣದ ಪಟ್ಟಿ ಬಿಗಿಯುವಾಗ ಸೀಳಿಹೋದ ಬೆರಳು. ಚಿಕ್ಕವರಿದ್ದಾಗ ಅವನ ಪಕ್ಕ ಮಲಗಿ, ಆ ಗೆರೆಯ ಮೇಲೆ ಬೆರಳಾಡಿಸುತ್ತಾ ನಾವಿಬ್ಬರೂ ನಿದ್ದೆ ಹೋಗುತ್ತಿದ್ದೆವು. ಜಗಳವಾಡುತ್ತಿದ್ದೆವು ಅದಕ್ಕಾಗಿ.

ಅಪ್ಪ ಕುರ್ಚಿಯ ಮೇಲೆ ಕೂತಿರಲಿಲ್ಲ ಮಲ್ಲಿ. ಮನೆಯಲ್ಲಿ ನೀರಿನ ಲೋಟ ತಾನಾಗಿ ತುಂಬಿಕೊಳ್ಳದವನು ಕೋಸಗಿಯ ಒಲೆ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈ ಸುಟ್ಟುಕೊಂಡಿದ್ದಾನೆ. ಅವರಿಬ್ಬರಿಂದ ಆಗುತ್ತಿರಲಿಲ್ಲ. ಆಗಲಿಲ್ಲವೆಂದರೆ ತನ್ನ ಮಾತಿನಂತೆ ತಾನೇ ನಿನ್ನ ಮದುವೆ ಮುರಿಯಬೇಕಾಗುತ್ತಿತ್ತು. ಹೆಣ್ಣಿನ ಕೈ ಸೋಕಬಾರದು ಎಂದನೇ ಹೊರತು ಹೆಣ್ಣಿನ ಅಪ್ಪನ ಕೈ ಸೋಕಬಾರದು ಎನ್ನಲಿಲ್ಲವಲ್ಲ.

ಇದನ್ನು ಅವನಿಗೆ ಕೇಳಬೇಡ. ಅವ್ವನಿಗೂ ಬೇಡ. ನಿನ್ನ ಯಜಮಾನರು ಪಾಠ ಒಪ್ಪಿಸಿದ್ದನ್ನು ನಂಬಿದ ಹಾಗೆಯೇ ಇದ್ದುಬಿಡು. ಅಪ್ಪ ಮಿಲ್ಲಿನಲ್ಲಿ ಅಳಿಯನ ಪಾಕದ ಬಗ್ಗೆ ಎಷ್ಟು ಬೇಕೋ ಅಷ್ಟು ಹೊಗಳಲಿ.

ಸಾಕ್ಷಿ ಉಳಿಯಬಾರದೆಂದು ಆನೆಯನ್ನು ಈಗಷ್ಟೇ ಪೂರ್ತಿ ತಿಂದೆ, ಹೊಟ್ಟೆಯ ಭಾಗವನ್ನು ಕೊನೆಗೆ. ಪಾಕ ಸೀದಿತ್ತು. ಭಾಳ ರುಚಿ ಇತ್ತು.

ನಿನ್ನ,
ಅಕ್ಕ